ಡಿಸೋಜ ಎಂಬ ಅಡ್ಡಹೆಸರು ಎಲ್ಲಿಂದ ಹೊರಟಿತು, ಎಲ್ಲೆಲ್ಲಿ ಹೋಯಿತು?

ಬಂಟ್ವಾಳದವಳು:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಅಡ್ಡಹೆಸರು ಡಿಸೋಜ. ಈ ಹೆಸರಿನ ವಿಷಯ ಬಂದರೆ ಮನೆಯಲ್ಲೇ ಎರಡು ಪಂಗಡ. ದೊಡ್ಡಪ್ಪ ಹೇಳುವ ಪ್ರಕಾರ ನಮ್ಮ ಮೂಲಪುರುಷ ಪೋರ್ಚುಗೀಸ್ ಹಡಗಿನ ಕಪ್ತಾನ. ಅಜ್ಜಿ ಇದನ್ನು ಒಪ್ಪುವುದೇ ಇಲ್ಲ. "ನಾವು ಪ್ರಭು ಮನೆತನದವರು, ಗೋವಾದಿಂದ ಓಡಿ ಬಂದವರು" ಅನ್ನುತ್ತಾರೆ. ಈಗ ದುಬೈಯಲ್ಲಿರುವ ಕಸಿನ್ ಯಾವುದೋ ವೆಬ್‌ಸೈಟಿಗೆ ದುಡ್ಡು ಕೊಟ್ಟು "ಸೋಜ ವಂಶದ ಲಾಂಛನ" ತರಿಸಿ ಫ್ರೇಮ್ ಹಾಕಿಸಿ ಕಳಿಸಿದ್ದಾನೆ. ದೊಡ್ಡಪ್ಪನಿಗೆ ತುಂಬಾ ಖುಷಿ, ಅಜ್ಜಿಗೆ ಕೋಪ. ಗುರಾಣಿಯ ಆಕಾರದಲ್ಲಿ ನಾಲ್ಕು ಭಾಗ ಇದೆ. ಎರಡರಲ್ಲಿ ನೀಲಿ ಬಣ್ಣದ ಚಿಕ್ಕ ಚಿಕ್ಕ ಗುರಾಣಿಗಳು. ಉಳಿದ ಎರಡರಲ್ಲಿ ಕೆಂಪಿನ ಮೇಲೆ ನಾಲ್ಕು ನಾಲ್ಕು ಅರ್ಧಚಂದ್ರ. ಇದಕ್ಕೂ ನಮಗೂ ನಿಜವಾಗಿ ಏನಾದರೂ ಸಂಬಂಧ ಇದೆಯಾ? ತಿಳಿದವರು ಹೇಳಿ.

ಕಡಲ ತಡಿ:
ನಾನು ಕೇಳಿದ ಕಥೆ ಬೇರೆ. ಅಮೆರಿಕದಲ್ಲಿ ಸೋಜ ಅಂತ ಹೆಸರಾಂತ ಸಂಗೀತಗಾರ ಇದ್ದರಂತೆ. ಅವರ ಪೆಟ್ಟಿಗೆಯ ಮೇಲೆ ಹೆಸರಿನ ಮೊದಲ ಅಕ್ಷರಗಳು ಎಸ್, ಓ ಅಂತ, ಪಕ್ಕದಲ್ಲಿ ಯುಎಸ್‌ಎ ಅಂತ ಬರೆದಿತ್ತಂತೆ. ಅಧಿಕಾರಿ ಎಲ್ಲ ಸೇರಿಸಿ ಓದಿದ, ಅದೇ ಹೆಸರಾಯಿತು ಅಂತ ಎಲ್ಲೋ ಓದಿದ ನೆನಪು.

ಹಳೆ ದಫ್ತರ:
ಕಡಲ ತಡಿ ಅವರೇ, ಆ ಪೆಟ್ಟಿಗೆ ಕಥೆ ನೂರು ವರ್ಷಕ್ಕೂ ಹಳೆಯದು, ಆದರೆ ಅದರಲ್ಲಿ ಹುರುಳಿಲ್ಲ. ಜಾನ್ ಫಿಲಿಪ್ ಸೋಜ 1854ರಲ್ಲಿ ವಾಷಿಂಗ್ಟನ್ ನಗರದಲ್ಲೇ ಹುಟ್ಟಿದವರು. ಅವರ ತಂದೆ ಪೋರ್ಚುಗೀಸ್ ಮನೆತನದವರು, ಸ್ಪೇನಿನಲ್ಲಿ ಹುಟ್ಟಿದವರು. ಅಮೆರಿಕದ ಮರೀನ್ ಪಡೆಯ ಬ್ಯಾಂಡಿನಲ್ಲಿ ಟ್ರೊಂಬೋನ್ ಊದುತ್ತಿದ್ದರು. ಹೆಸರು ಅಪ್ಪನಿಂದ ಮಗನಿಗೆ ಸೀದಾ ಬಂದದ್ದು. ಸೋಜ ಅವರೇ ಈ ಪೆಟ್ಟಿಗೆ ಕಥೆಯನ್ನು ಅಲ್ಲಗಳೆದಿದ್ದರು.

ಬಂಟ್ವಾಳದವಳು ಮೇಡಂ, ನಿಮ್ಮ ಪ್ರಶ್ನೆಗೆ ಬರ್ತೇನೆ. ಸ್ವಲ್ಪ ಉದ್ದವಾಗುತ್ತೆ.

ಸೋಜ ಅನ್ನುವುದು ಮೊದಲು ಒಂದು ನದಿಯ ಹೆಸರು. ಪೋರ್ಚುಗಲ್ಲಿನ ಉತ್ತರದಲ್ಲಿ, ಪೋರ್ತೊ ನಗರದಿಂದ ಸ್ವಲ್ಪ ಒಳನಾಡಿಗೆ ಹೋದರೆ ಸಿಗುತ್ತದೆ. ಫೆಲ್ಗೇರಾಸ್ ಕಡೆ ಹುಟ್ಟಿ, ಪೋರ್ತೊ ತಲುಪುವ ಮೊದಲೇ ದೋರು ನದಿಗೆ ಸೇರುತ್ತದೆ. 11ನೇ ಶತಮಾನದಲ್ಲಿ ಆ ಕಣಿವೆಯ ಒಡೆಯನಾಗಿದ್ದವನು ಎಗಾಸ್ ಗೋಮೆಸ್. ಅವನನ್ನು ಎಗಾಸ್ ಗೋಮೆಸ್ ದ ಸೋಜ ಅಂತ ಕರೆದರು. ದ ಸೋಜ ಅಂದರೆ ಸೋಜದವನು, ನಮ್ಮ ಡಿಸೋಜ ಅದೇ. ನಮ್ಮಲ್ಲಿ ಊರಿನ ಹೆಸರನ್ನು ಹೆಸರಿನ ಮುಂದೆ ಇಟ್ಟುಕೊಳ್ಳುತ್ತಾರಲ್ಲ, ಹಾಗೇ. ಆಗಿನ್ನೂ ಪೋರ್ಚುಗಲ್ ಅಂತ ಒಂದು ರಾಜ್ಯವೇ ಇರಲಿಲ್ಲ.

ಮುಂದಿನದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. 13ನೇ ಶತಮಾನದ ಕೊನೆಗೆ ಈ ಮನೆತನದ ಗಂಡು ಸಂತಾನ ನಿಂತುಹೋಯಿತು. ಆಸ್ತಿ, ಹೆಸರು ಎರಡೂ ಇಬ್ಬರು ಹೆಣ್ಣುಮಕ್ಕಳ ಪಾಲಿಗೆ ಬಂತು. ಅವರು ಮದುವೆಯಾದದ್ದು ರಾಜ ಮೂರನೇ ಅಫೊನ್ಸೊನ ಇಬ್ಬರು ಮಕ್ಕಳನ್ನು. ಇಬ್ಬರೂ ರಾಣಿಗೆ ಹುಟ್ಟಿದವರಲ್ಲ. ಹುಟ್ಟಿದ ಮಕ್ಕಳು ಅಪ್ಪನ ಕಡೆಯದನ್ನು ಬಿಟ್ಟು ಅಮ್ಮನ ಕಡೆಯ ಸೋಜ ಹೆಸರನ್ನೇ ಹಿಡಿದರು. ಅಲ್ಲಿಂದ ಎರಡು ಕವಲು ಆಯಿತು. ಒಂದು ಅರೊಂಶೆಸ್ ಸೋಜಗಳು, ಇನ್ನೊಂದು ಪ್ರಾದೊ ಸೋಜಗಳು.

ನಿಮ್ಮ ಫ್ರೇಮಿನಲ್ಲಿರುವುದು ಅರೊಂಶೆಸ್ ಕವಲಿನ ಲಾಂಛನ. ನೀಲಿ ಚಿಕ್ಕ ಗುರಾಣಿಗಳು ಪೋರ್ಚುಗಲ್ ರಾಜರದ್ದು, ಅವು ರಾಜನ ಮಗನ ಕಡೆಯಿಂದ ಬಂದವು. ಅರ್ಧಚಂದ್ರಗಳು ಹಳೆ ಸೋಜ ಮನೆತನದ್ದು. ಪ್ರಾದೊ ಕವಲಿನವರಾದರೆ ಚಂದ್ರನ ಜಾಗದಲ್ಲಿ ಸಿಂಹ ಇರುತ್ತದೆ. ಲಾಂಛನ ಒಂದು ಕವಲಿಗೆ ಸೇರಿದ್ದು. ಆ ಹೆಸರಿನ ಎಲ್ಲರಿಗೂ ಸೇರಿದ್ದಲ್ಲ. ಅಡ್ಡಹೆಸರು ಟೈಪ್ ಮಾಡಿದ ತಕ್ಷಣ ಲಾಂಛನ ಕೊಡುವ ಅಂಗಡಿಗೆ ನೀವು ಯಾವ ಕವಲು, ನಿಜಕ್ಕೂ ಆ ಮನೆತನಕ್ಕೆ ಸೇರಿದವರಾ ಅಂತ ಕೇಳುವ ಗೋಜೇ ಇಲ್ಲ.

ಪೋರ್ತೊ ಕನ್ನಡಿಗ:
ಹಳೆ ದಫ್ತರ ಸರ್, ನಾನು ಕೆಲಸದ ಮೇಲೆ ಪೋರ್ತೊದಲ್ಲಿದ್ದೇನೆ. ಆ ಕಣಿವೆಗೆ ರಜೆಯಲ್ಲಿ ಹೋಗಿ ಬಂದಿದ್ದೇನೆ. ಹೇಳುವಂಥ ದೊಡ್ಡ ನದಿ ಏನಲ್ಲ. ಎಷ್ಟೋ ಕಡೆ ನಮ್ಮ ಮಲೆನಾಡಿನ ಹಳ್ಳದಷ್ಟೇ ಅಗಲ. ಎರಡೂ ಬದಿಗೆ ಕಲ್ಲುಕಂಬ ನೆಟ್ಟು ದ್ರಾಕ್ಷಿ ಬಳ್ಳಿ ಹಬ್ಬಿಸಿದ್ದಾರೆ. ಕಂಬಗಳೆಲ್ಲ ಗ್ರಾನೈಟ್. ಬಳ್ಳಿಯ ಚಪ್ಪರದ ಕೆಳಗೆ ಜೋಳ, ಸೊಪ್ಪು ಹಾಕಿರುತ್ತಾರೆ.

ಫೆಲ್ಗೇರಾಸ್ ಹತ್ತಿರ ಪೊಂಬೇರೊ ಅಂತ ಬೆನೆಡಿಕ್ಟಿನ್ ಮಠ ಇದೆ. ಸೋಜ ಮನೆತನವೇ ಸಾಕಿ ಬೆಳೆಸಿದ ಮಠ. ಮುಂಭಾಗದಲ್ಲಿ ಕಲ್ಲಿನಲ್ಲೇ ಕೊರೆದ ದೊಡ್ಡ ದುಂಡು ಕಿಟಕಿ. ಒಳಗೆ ಕಲ್ಲಿನ ಗೋರಿಗಳಿವೆ. ಮುಚ್ಚಳದ ಮೇಲೆ ಮಲಗಿದ ವ್ಯಕ್ತಿಯ ಆಕೃತಿ ಕೆತ್ತಿದ್ದಾರೆ. ಮುಖ ಸವೆದು ಹೋಗಿದೆ. ನಮ್ಮೂರಲ್ಲಿ ಇಷ್ಟೊಂದು ಡಿಸೋಜಗಳಿದ್ದಾರೆ, ಅವರ ಹೆಸರಿನ ಬುಡ ಈ ಕಣಿವೆಯಲ್ಲಿದೆ ಅನ್ನೋದು ಅಲ್ಲಿ ನಿಂತಾಗ ನಂಬಲಿಕ್ಕೇ ಕಷ್ಟವಾಯಿತು.

ಅಂದ ಹಾಗೆ ಇಲ್ಲಿ ಸೋಜ ತೀರಾ ಸಾಮಾನ್ಯ ಹೆಸರು. ಆಫೀಸಿನಲ್ಲೇ ಮೂರ್ನಾಲ್ಕು ಜನ ಇದ್ದಾರೆ, ಒಬ್ಬರಿಗೊಬ್ಬರು ನೆಂಟರಲ್ಲ. 2016ರಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದವರ ಹೆಸರಿನಲ್ಲೂ ಸೋಜ ಇದೆ, ಮಾರ್ಸೆಲೊ ರೆಬೆಲೊ ದ ಸೋಜ. ಇಲ್ಲಿ ಸಾಮಾನ್ಯವಾಗಿ ಅಮ್ಮನ ಅಡ್ಡಹೆಸರು ಮೊದಲು, ಅಪ್ಪನದು ಕೊನೆಗೆ. ಹಿಂದೆ ಅದಕ್ಕೂ ಗಟ್ಟಿ ನಿಯಮ ಇರಲಿಲ್ಲ. ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಅಡ್ಡಹೆಸರು ಇಟ್ಟುಕೊಳ್ಳುತ್ತಿದ್ದರು. ಒಬ್ಬನಿಗೆ ಅಜ್ಜನದು, ಇನ್ನೊಬ್ಬಳಿಗೆ ಅಜ್ಜಿಯದು. ಪೋರ್ಚುಗಲ್ಲಿನ ಒಳಗೇ ಈ ಹೆಸರು ರಕ್ತದ ಗುರುತಾಗಿ ಉಳಿದಿಲ್ಲ.

ಭಟ್ಕಳದ ಓದುಗ:
ಇಲ್ಲಿ ಒಂದು ಮಾತು ಸೇರಿಸಲೇಬೇಕು. ಕರ್ನಾಟಕದ ಕರಾವಳಿಗೆ ಈ ಹೆಸರು ಮೊದಲು ಪ್ರಾರ್ಥನೆಯ ಜೊತೆ ಬಂದದ್ದಲ್ಲ. 1542ರಲ್ಲಿ ಗೋವಾದ ಗವರ್ನರ್ ಮಾರ್ಟಿಂ ಅಫೊನ್ಸೊ ದ ಸೋಜ ಭಟ್ಕಳದ ಮೇಲೆ ಬಿದ್ದು ಊರಿಗೆ ಬೆಂಕಿ ಇಟ್ಟ. ಕಪ್ಪಕಾಣಿಕೆ ಬಾಕಿ ಇದೆ ಅನ್ನೋದು ನೆಪ. ಭಟ್ಕಳದ ರಾಣಿ ಮಣಿಯಬೇಕಾಯಿತು. ಆಗ ಭಟ್ಕಳ ಅಂದರೆ ವಿಜಯನಗರಕ್ಕೆ ಕುದುರೆ ಇಳಿಯುತ್ತಿದ್ದ ಬಂದರು. ಅಕ್ಕಿ, ಸಕ್ಕರೆ, ಕಬ್ಬಿಣ ಹೊರಗೆ ಹೋಗುತ್ತಿತ್ತು. ಅವರ ಲಾಂಛನ ಮನೆಯ ಗೋಡೆಗೆ ಹಾಕುವ ಮೊದಲು ಇದನ್ನೂ ತಿಳಿದಿರಬೇಕು ಅಂತ ನನ್ನ ಅಭಿಪ್ರಾಯ. ಯಾರನ್ನೂ ನೋಯಿಸಲು ಹೇಳುತ್ತಿಲ್ಲ.

ಹಳೆ ದಫ್ತರ:
ಸರಿಯಾಗಿ ಹೇಳಿದಿರಿ. ಆ ಮನುಷ್ಯನ ಹೆಜ್ಜೆ ಹಿಡಿದು ಹೋದರೆ ಹೆಸರು ಹರಡಿದ ದಾರಿಯ ಅರ್ಧ ಸಿಕ್ಕಿಬಿಡುತ್ತದೆ.

ಮಾರ್ಟಿಂ ಅಫೊನ್ಸೊ ಪ್ರಾದೊ ಕವಲಿನವನು. 1530ರ ಕೊನೆಗೆ ರಾಜ ಅವನನ್ನು ಬ್ರೆಜಿಲ್ಲಿಗೆ ಕಳಿಸಿದ. 1532ರಲ್ಲಿ ಸಾವೊ ವಿಸೆಂತೆ ಅನ್ನುವ ಊರು ಕಟ್ಟಿದ. ಅದು ಬ್ರೆಜಿಲ್ಲಿನಲ್ಲಿ ಪೋರ್ಚುಗೀಸರು ಕ್ರಮವಾಗಿ ಕಟ್ಟಿದ ಮೊದಲ ಊರು. 1534ರಲ್ಲಿ ಅದನ್ನು ಬಿಟ್ಟು ಹಡಗುಪಡೆಯ ಮುಖ್ಯಸ್ಥನಾಗಿ ಇಂಡಿಯಾಕ್ಕೆ ಬಂದ. ಬ್ರೆಜಿಲ್ಲಿನ ಆಸ್ತಿಯನ್ನು ಅವನ ಹೆಂಡತಿ ಆನಾ ಪಿಮೆಂತೆಲ್ ಪೋರ್ಚುಗಲ್ಲಿನಲ್ಲಿ ಕೂತು ನಡೆಸಿದಳು. ಅವನ ಜೊತೆ ವೈದ್ಯನಾಗಿ ಬಂದವನು ಗಾರ್ಸಿಯಾ ದ ಓರ್ತಾ, ಮುಂದೆ ನಮ್ಮ ಗಿಡಮೂಲಿಕೆಗಳ ಬಗ್ಗೆ ಗೋವಾದಲ್ಲಿ ಪುಸ್ತಕ ಬರೆದವನು. 1541ರಲ್ಲಿ ಮಾರ್ಟಿಂ ಅಫೊನ್ಸೊ ಗವರ್ನರ್ ಆಗಿ ಎರಡನೇ ಸಲ ಹೊರಟಾಗ ಅದೇ ಹಡಗಿನಲ್ಲಿ ಫ್ರಾನ್ಸಿಸ್ ಕ್ಸೇವಿಯರ್ ಇದ್ದರು. 1542ರ ಮೇ ತಿಂಗಳಲ್ಲಿ ಗೋವಾ ಮುಟ್ಟಿದರು. ಭಟ್ಕಳ ಉರಿದದ್ದೂ ಅದೇ ವರ್ಷ.

ಅವನ ಬಂಧು ತೊಮೆ ದ ಸೋಜ 1549ರಲ್ಲಿ ಬ್ರೆಜಿಲ್ಲಿನ ಮೊದಲ ಗವರ್ನರ್ ಜನರಲ್ ಆದ, ಸಲ್ವಡೋರ್ ಪಟ್ಟಣ ಕಟ್ಟಿದ. ನೋಡಿ, ಬರೀ ಹತ್ತು ವರ್ಷದ ಒಳಗೆ ಗೋವಾದಲ್ಲೂ ಬ್ರೆಜಿಲ್ಲಿನಲ್ಲೂ ಎಲ್ಲರಿಗಿಂತ ಮೇಲಿನ ಕುರ್ಚಿಯಲ್ಲಿ ಸೋಜಗಳು ಕೂತಿದ್ದರು.

ಗೋವಾದಲ್ಲಿ ಜನ ಮತ ಬದಲಿಸಿದ್ದು ಹೆಚ್ಚಾಗಿ 1540ರ ನಂತರ. ತಿಸ್ವಾಡಿಯಲ್ಲಿ ಪಾದ್ರಿಗಳ ಹಲವು ಸಂಘಗಳು, ಬಾರ್ದೇಶದಲ್ಲಿ ಫ್ರಾನ್ಸಿಸ್ಕನ್ನರು, ಸಾಲ್ಸೆಟ್‌ನಲ್ಲಿ ಜೆಸ್ಯುಯಿಟರು. ಜ್ಞಾನಸ್ನಾನದ ಹೊತ್ತಿಗೆ ಹೊಸ ಹೆಸರು ಕೊಡುತ್ತಿದ್ದರು. ಗಾಡ್‌ಫಾದರ್ ಆಗಿ ನಿಂತ ಪೋರ್ಚುಗೀಸನ ಅಡ್ಡಹೆಸರು, ಇಲ್ಲದಿದ್ದರೆ ಪಾದ್ರಿಯದು. ಒಂದೇ ದಿನ ಒಂದೇ ಪಾದ್ರಿ ಕೈಯಲ್ಲಿ ಸ್ನಾನ ಪಡೆದ ಬೇರೆ ಬೇರೆ ಮನೆಯವರಿಗೆ ಒಂದೇ ಅಡ್ಡಹೆಸರು ಬಂದದ್ದುಂಟು. ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ದಿನ ಹೋಗಿ ಒಬ್ಬ ಸೋಜ, ಒಬ್ಬ ಪಿಂಟೊ ಆದದ್ದೂ ಉಂಟು. ಮಂಗಳೂರಿನ ಡಿಸೋಜಗಳು ಹೆಚ್ಚಿನವರು ಇವರ ಮಕ್ಕಳು ಮೊಮ್ಮಕ್ಕಳು. ಬಂಟ್ವಾಳದವಳು ಮೇಡಂ, ಹಡಗಿನ ಕಪ್ತಾನನ ಕಥೆಗಿಂತ ನಿಮ್ಮ ಅಜ್ಜಿಯ ಮಾತಿಗೆ ನಾನು ಜಾಸ್ತಿ ಬೆಲೆ ಕೊಡ್ತೇನೆ.

ಬಂಟ್ವಾಳದವಳು:
ಅಜ್ಜಿಗೆ ಓದಿ ಹೇಳಿದೆ ಸರ್. ತುಂಬಾ ಹೊತ್ತು ಸುಮ್ಮನಿದ್ದು, "ನನ್ನ ಮಾವ ಪ್ರಭು ಅಂತ ಸಹಿ ಹಾಕುತ್ತಿದ್ದರು" ಅಂದರು. ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಆದರೆ ಗೋವಾದಿಂದ ಇಲ್ಲಿಗೆ ಯಾವಾಗ ಬಂದರು, ಯಾಕೆ ಬಂದರು?

ನೇತ್ರಾವತಿ ದಂಡೆ:
ಒಂದೇ ಸಲಕ್ಕೆ ಬಂದದ್ದಲ್ಲ ಮಗಾ. 1560ರಲ್ಲಿ ಗೋವಾದಲ್ಲಿ ಇನ್‌ಕ್ವಿಸಿಷನ್ ಶುರುವಾಯಿತು. ಹೊಸದಾಗಿ ಕ್ರೈಸ್ತರಾದವರು ಹಳೆ ಪದ್ಧತಿ ಹಿಡಿದರೆ ವಿಚಾರಣೆ, ಶಿಕ್ಷೆ. ಆಮೇಲೆ ಬಿಜಾಪುರದ ಆದಿಲ್ ಶಾಹಿಗಳ ಜೊತೆ ಯುದ್ಧ, 1683ರಲ್ಲಿ ಸಂಭಾಜಿಯ ದಾಳಿ, 1737ರ ಸುಮಾರಿಗೆ ಮತ್ತೆ ಮರಾಠರು. ನಡುವೆ ಬರಗಾಲ, ತೆರಿಗೆ. ಇಲ್ಲಿ ಕೆಳದಿ ನಾಯಕರಿಗೆ ಭೂಮಿ ಉಳುವವರು ಬೇಕಿತ್ತು. ಗದ್ದೆ ಬೇಸಾಯ ಬಲ್ಲವರನ್ನು ಬರಮಾಡಿಕೊಂಡರು.

ಬಂದವರು ಅಡ್ಡಹೆಸರು, ಕೊಂಕಣಿ, ಮದುವೆಗೆ ಮೊದಲಿನ ರೋಸ್ ಶಾಸ್ತ್ರ, ಒವಿಯೊ ಹಾಡು ಎಲ್ಲವನ್ನೂ ತಂದರು. ಮನೆತನದ ಹಳೆ ಹೆಸರನ್ನೂ ಬಿಡಲಿಲ್ಲ. ಪ್ರಭು, ಕಾಮತ್, ಪೈ, ನಾಯಕ್, ಶೆಟ್. ಮದುವೆ ಮಾತುಕತೆಗೆ ಕೂತರೆ ಹಿರಿಯರು ಇವತ್ತಿಗೂ ಮೊದಲು ಕೇಳುವುದು "ಯಾವ ಡಿಸೋಜ?" ಅಂತ. ಡಿಸೋಜ ಅಂದ ಮಾತ್ರಕ್ಕೆ ಅವರಿಗೆ ಏನೂ ತಿಳಿಯುವುದಿಲ್ಲ. ಊರು, ವಾಡೊ (ಊರಿನ ಕೇರಿ), ಹಳೆ ಮನೆತನ ಹೇಳಬೇಕು. ಮನೆಯಲ್ಲಿ ನಾವು ಡಿಸೋಜ ಅನ್ನುವುದೂ ಕಡಿಮೆ. ಕೊಂಕಣಿಯಲ್ಲಿ ಸೋಜ್ ಅಂದರೆ ಮುಗಿಯಿತು.

ಹೊಸ ಸದಸ್ಯ:
ಒಂದು ಪ್ರಶ್ನೆ. ಡಿಸೋಜ ಅಂತ ಇದ್ದರೆ ಪೋರ್ಚುಗಲ್ ಪಾಸ್‌ಪೋರ್ಟ್ ಸಿಗುತ್ತದಾ? ಒಬ್ಬ ಏಜೆಂಟ್ ಸಿಗುತ್ತದೆ ಅಂತ ಹೇಳಿ ಮುಂಗಡ ಕೇಳುತ್ತಿದ್ದಾನೆ. ನಮ್ಮ ಮನೆತನ ಬಹಳ ಹಿಂದಿನಿಂದ ಮಂಗಳೂರಿನದ್ದೇ.

ಪೋರ್ತೊ ಕನ್ನಡಿಗ:
ದಯವಿಟ್ಟು ಒಂದು ಪೈಸೆ ಕೊಡಬೇಡಿ. ಅಡ್ಡಹೆಸರಿನ ಮೇಲೆ ಯಾರಿಗೂ ಪೌರತ್ವ ಕೊಡುವುದಿಲ್ಲ. ಗೋವಾ, ದಮನ್, ದಿಯುವಿನ ಜನರಿಗೆ ದಾರಿ ಇರುವುದು ಜನನದ ದಾಖಲೆಯಿಂದ. ಅಲ್ಲಿ ಪೋರ್ಚುಗೀಸ್ ಆಳ್ವಿಕೆ ಮುಗಿದದ್ದು 1961ರ ಡಿಸೆಂಬರ್‌ನಲ್ಲಿ. ಅದಕ್ಕೂ ಮೊದಲು ಅಲ್ಲಿ ಹುಟ್ಟಿದವರು, ಅವರ ಮಕ್ಕಳು, ಮೊಮ್ಮಕ್ಕಳಿಗೆ ಅನ್ವಯಿಸುತ್ತದೆ. ಗೋವಾದಲ್ಲಿ ಎಷ್ಟೋ ಹಿಂದೂ, ಮುಸ್ಲಿಂ ಮನೆಗಳವರೂ ಇದೇ ದಾರಿಯಲ್ಲಿ ಪಾಸ್‌ಪೋರ್ಟ್ ಪಡೆದಿದ್ದಾರೆ, ಅವರಿಗೆ ಪೋರ್ಚುಗೀಸ್ ಅಡ್ಡಹೆಸರೇ ಇಲ್ಲ. ನಿಮ್ಮ ಹಿರಿಯರು ಆಗಲೇ ಮಂಗಳೂರಿನಲ್ಲಿದ್ದರೆ ಡಿಸೋಜ ಅನ್ನೋ ಹೆಸರು ಅಲ್ಲಿ ಏನೂ ಕೆಲಸ ಮಾಡುವುದಿಲ್ಲ.

ಕಡಲ ತಡಿ:
ಸೋಜ ಯಹೂದಿ ಹೆಸರು ಅಂತ ಒಂದು ಕಡೆ ಓದಿದೆ. ನಿಜವಾ?

ಹಳೆ ದಫ್ತರ:
ಇದ್ದದ್ದರಲ್ಲಿ ಅರ್ಧ ಮಾತ್ರ ಹಿಡಿದ ಮಾತು ಅದು. 1497ರಲ್ಲಿ ಪೋರ್ಚುಗಲ್ಲಿನ ಯಹೂದಿಗಳನ್ನು ಬಲವಂತವಾಗಿ ಮತಾಂತರ ಮಾಡಿದರು. ಅವರು ಆಗ ಊರಿನಲ್ಲಿ ಚಾಲ್ತಿಯಲ್ಲಿದ್ದ ಹೆಸರುಗಳನ್ನೇ ಇಟ್ಟುಕೊಂಡರು, ಅದರಲ್ಲಿ ಸೋಜವೂ ಇತ್ತು. ಹಾಗಂತ ಹೆಸರು ಯಹೂದಿಗಳದ್ದಾಗುವುದಿಲ್ಲ. ಗೋವಾದ ಸಾರಸ್ವತರಿಗೆ ಆದದ್ದೇ ಅವರಿಗೂ ಆಯಿತು.

ಕೊಲಂಬೊದಿಂದ:
ಶ್ರೀಲಂಕಾದ ಕಡೆಯಿಂದಲೂ ಸ್ವಲ್ಪ ಸೇರಿಸುತ್ತೇನೆ. ಇಲ್ಲಿ ಸೋಯ್ಸಾ, ಜೋಯ್ಸಾ ಅಂತ ಸಿಂಹಳೀಯರಲ್ಲಿ ಅಡ್ಡಹೆಸರು ಇದೆ, ಅದು ಇದೇ ಸೋಜ. ಇದನ್ನು ಇಟ್ಟುಕೊಂಡವರಲ್ಲಿ ಬೌದ್ಧರೂ ಬಹಳ ಮಂದಿ. ಕರಾವಳಿಯನ್ನು ಪೋರ್ಚುಗೀಸರು ಆಳಿದ ಕಾಲದ್ದು. 1594ರಲ್ಲಿ ಪೆದ್ರೊ ಲೋಪೆಸ್ ದ ಸೋಜ ಅನ್ನುವ ಸೇನಾಪತಿ ಕ್ಯಾಂಡಿ ಗೆಲ್ಲಲು ಹೋಗಿ ದಂತುರೆಯಲ್ಲಿ ಸೈನ್ಯ ಸಮೇತ ನಾಶವಾದ. ಸೇನಾಪತಿ ಸೋತರೂ ಅವನ ಹೆಸರು ಇಲ್ಲೇ ನಿಂತುಬಿಟ್ಟಿತು.

ಮುಂಬೈ ಕುಡ್ಲ:
ಬ್ರೆಜಿಲ್ ಬಗ್ಗೆ ಯಾರೂ ಮುಂದುವರಿಸಲಿಲ್ಲ. ಅಲ್ಲಿ ಈ ಹೆಸರು ಅಷ್ಟೊಂದು ಇರುವುದು ಹೇಗೆ? ಎಲ್ಲರೂ ತೊಮೆ ದ ಸೋಜನ ವಂಶವಾ?

ಹಳೆ ದಫ್ತರ:
ಖಂಡಿತ ಅಲ್ಲ. ಇದು ಈ ಹೆಸರಿನ ಚರಿತ್ರೆಯಲ್ಲೇ ನನ್ನನ್ನು ಹೆಚ್ಚು ಕಾಡುವ ಭಾಗ, ಬಿಡಿಸಿ ಬರೆಯುತ್ತೇನೆ.

ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದ ಜನರಿಗೆ ಜ್ಞಾನಸ್ನಾನ ಕೊಟ್ಟು ಪೋರ್ಚುಗೀಸ್ ಹೆಸರಿಡುತ್ತಿದ್ದರು. ಅವರ ಸ್ವಂತ ಹೆಸರು ಅಲ್ಲಿಗೆ ಅಳಿಸಿತು. ಬಿಡುಗಡೆಯಾದಾಗ ಎಷ್ಟೋ ಜನ ಯಜಮಾನನ ಅಡ್ಡಹೆಸರನ್ನೇ ಹೊತ್ತುಕೊಂಡರು. ಅಲ್ಲಿನ ಮೂಲ ನಿವಾಸಿಗಳಿಗೂ ಹಾಗೇ ಆಯಿತು. ಇವತ್ತು ಬ್ರೆಜಿಲ್ಲಿನಲ್ಲಿ ಸೋಜ ಅನ್ನಿಸಿಕೊಳ್ಳುವವರಲ್ಲಿ ಬಹಳ ಜನರ ಹೆಸರು ಬಂದದ್ದು ಹೀಗೆ. 1911ರಲ್ಲಿ ಪೋರ್ಚುಗಲ್ ಕಾಗುಣಿತ ಸರಿಪಡಿಸಿದಾಗ ನಡುವಿನ ಜಡ್ ಅಕ್ಷರ ತೆಗೆದು ಎಸ್ ಹಾಕಿದರು. ಬ್ರೆಜಿಲ್ಲಿನಲ್ಲಿ, ನಮ್ಮ ಕಡೆ ಹಳೆ ಜಡ್ ಜಾಸ್ತಿ ಉಳಿದಿದೆ.

ಇನ್ನು ಫ್ರಾನ್ಸಿಸ್ಕೊ ಫೆಲಿಕ್ಸ್ ದ ಸೋಜ. ಸಲ್ವಡೋರಿನಲ್ಲಿ ಹುಟ್ಟಿ ಪಶ್ಚಿಮ ಆಫ್ರಿಕಾದ ವೀದಾ ಬಂದರಿಗೆ ಹೋದವನು. ಅದು ಇವತ್ತಿನ ಬೆನಿನ್ ದೇಶದಲ್ಲಿದೆ. ದಹೋಮಿ ರಾಜ್ಯದ ರಾಜ ಅದಾಂದೊಜಾನ್ ಅವನನ್ನು ಸೆರೆಗೆ ಹಾಕಿದ. ಹೊರಬಂದವನು ರಾಜನ ತಮ್ಮ ಗೆಜೊ ಜೊತೆ ಸೇರಿ 1818ರಲ್ಲಿ ಪಟ್ಟ ಬದಲಿಸಿದ. ಗೆಜೊ ಅವನಿಗೆ ಚಾಚಾ ಅನ್ನುವ ಪದವಿ ಕೊಟ್ಟ. ಅಲ್ಲಿಂದ 1849ರಲ್ಲಿ ಸಾಯುವವರೆಗೂ ಆ ಬಂದರಿನಿಂದ ಮನುಷ್ಯರನ್ನು ಮಾರಿದ. ತೊಮೆ ದ ಸೋಜನ ವಂಶದವನು ಅಂತ ಅವನ ಮನೆಯವರು ಹೇಳಿಕೊಳ್ಳುತ್ತಾರೆ.

ಅವನಿಗೆ ಹೆಂಡಿರು ಮಕ್ಕಳು ಬಹಳ. ಮನೆಯ ಆಳುಗಳೂ ಅದೇ ಹೆಸರು ಹಿಡಿದರು. 1835ರಲ್ಲಿ ಬ್ರೆಜಿಲ್ಲಿನ ಬಯೀಯಾದಲ್ಲಿ ಗುಲಾಮರ ದಂಗೆಯಾದ ಮೇಲೆ ಬಿಡುಗಡೆಯಾದ ಆಫ್ರಿಕನ್ನರು ಬಹಳ ಮಂದಿ ಇದೇ ತೀರಕ್ಕೆ ವಾಪಸ್ ಬಂದರು, ಅವರ ಜೊತೆ ಇನ್ನಷ್ಟು ಪೋರ್ಚುಗೀಸ್ ಹೆಸರುಗಳು ಬಂದವು. ಹೀಗೆ ಬೆನಿನ್‌ನಲ್ಲಿ ಮಾರಿದವನ ಮೊಮ್ಮಕ್ಕಳೂ ಮಾರಿಹೋದವರ ಮೊಮ್ಮಕ್ಕಳೂ ಒಂದೇ ಅಡ್ಡಹೆಸರಿನಲ್ಲಿ ಬದುಕುತ್ತಿದ್ದಾರೆ. 1990ರಲ್ಲಿ ಆ ದೇಶ ಸರ್ವಾಧಿಕಾರ ಬಿಟ್ಟು ಪ್ರಜಾಪ್ರಭುತ್ವಕ್ಕೆ ಬಂತು. ಆಗ ರಾಷ್ಟ್ರೀಯ ಸಮ್ಮೇಳನ ನಡೆಸಿಕೊಟ್ಟ ಬಿಷಪ್ ಇಸಿಡೋರ್ ದ ಸೋಜ. ನಮ್ಮ ಗೋವಾದ ಸಾಲಿಗಾಂವ್‌ನಲ್ಲಿ 1924ರಲ್ಲಿ ಹುಟ್ಟಿದ ಚಿತ್ರಕಾರ ಎಫ್.ಎನ್. ಸೋಜ ಅವರಿಗೂ ಈ ಬಿಷಪ್‌ಗೂ ರಕ್ತಸಂಬಂಧ ಏನೂ ಇಲ್ಲ. ಹೆಸರು ಮಾತ್ರ ಒಂದೇ ಕಣಿವೆಯದ್ದು.

ಭಟ್ಕಳದ ಓದುಗ:
ಇದನ್ನು ಓದಿ ಮನಸ್ಸು ಭಾರವಾಯಿತು. ಧನ್ಯವಾದ.

ಬಂಟ್ವಾಳದವಳು:
ದೊಡ್ಡಪ್ಪನಿಗೂ ಓದಿಸಿದೆ. ಬೆನಿನ್ ಭಾಗವನ್ನು ಮತ್ತೆ ಮತ್ತೆ ಓದಿದರು. ಫ್ರೇಮ್ ತೆಗೆಯುತ್ತೇನೆ ಅನ್ನಲಿಲ್ಲ. ಆದರೆ "ಹಾಗಾದರೆ ನಮ್ಮವರು ಯಾರು ಅಂತ ಹುಡುಕು" ಅಂದರು. ಎಲ್ಲಿಂದ ಶುರು ಮಾಡಲಿ ಸರ್?

ಹಳೆ ದಫ್ತರ:
ಡಿಸೋಜ ಅಂತ ಹುಡುಕಬೇಡಿ, ಸಾವಿರಗಟ್ಟಲೆ ಸಿಗುತ್ತಾರೆ. ಊರು ಹಿಡಿದು ಹಿಂದಕ್ಕೆ ಹೋಗಿ. ಮೊದಲು ನಿಮ್ಮ ಫಿರ್ಗಜ್‌ನ, ಅಂದರೆ ನಿಮ್ಮ ಚರ್ಚಿನ ವ್ಯಾಪ್ತಿಯ, ಜ್ಞಾನಸ್ನಾನದ ಪುಸ್ತಕ. ಅಜ್ಜನ ಹೆಸರು ಸಿಕ್ಕರೆ ಅವರ ಅಪ್ಪ ಅಮ್ಮನ ಹೆಸರು, ಗಾಡ್‌ಫಾದರ್ ಗಾಡ್‌ಮದರ್ ಹೆಸರು ಅದೇ ಸಾಲಿನಲ್ಲಿ ಇರುತ್ತದೆ. ಹಳೆಯ ಪುಟಗಳು ಲ್ಯಾಟಿನ್‌ನಲ್ಲಿ ಇರಬಹುದು, ಹೆದರಬೇಡಿ. ಪ್ರತಿ ಸಾಲಿನಲ್ಲೂ ಅದೇ ನಾಲ್ಕೈದು ಪದ ಮತ್ತೆ ಮತ್ತೆ ಬರುತ್ತವೆ, ಒಂದು ಪುಟ ಓದಿದರೆ ರೂಢಿಯಾಗುತ್ತದೆ. ಗಾಡ್‌ಫಾದರ್‌ನ ಊರನ್ನೂ ಬರೆದುಕೊಳ್ಳಿ. ಹೆಚ್ಚಾಗಿ ಹತ್ತಿರದ ನೆಂಟನೇ ಆಗಿರುತ್ತಾನೆ. ಮುಂದಿನ ಫಿರ್ಗಜ್ ಯಾವುದು ಅಂತ ಅದರಿಂದಲೇ ತಿಳಿಯುತ್ತದೆ.

1784ಕ್ಕಿಂತ ಹಿಂದೆ ಹೋಗುವುದು ಇಲ್ಲಿ ಕಷ್ಟ. ಟಿಪ್ಪು ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ ವರ್ಷ ಅದು. ರೊಸಾರಿಯೊ, ಮಿಲಾಗ್ರಿಸ್ ಸೇರಿದಂತೆ ಇಗರ್ಜಿಗಳು (ಚರ್ಚುಗಳು) ನೆಲಸಮವಾದವು. ಬದುಕಿ ಉಳಿದವರು ವಾಪಸ್ ಬಂದದ್ದು 1799ರ ನಂತರ. ಅದಕ್ಕೆ ಹಿಂದಿನ ಕೊಂಡಿ ಸಿಗಬೇಕಾದರೆ ಗೋವಾದ ಊರು ಯಾವುದು ಅಂತ ಗೊತ್ತಾಗಬೇಕು. ಅಲ್ಲಿ ಪ್ರತಿ ಹಳ್ಳಿಯ ಗಾಂವ್‌ಕಾರಿಯಲ್ಲಿ, ಅಂದರೆ ಊರ ಭೂಮಿ ನೋಡಿಕೊಳ್ಳುವ ಸಂಘದಲ್ಲಿ, ವಾಂಗಡ್ ಅಂತ ಕುಲಗಳಿವೆ. ಹಳ್ಳಿಯ ಭೂಮಿಯ ಹಕ್ಕು ಅಪ್ಪನಿಂದ ಮಗನಿಗೆ ಬರುತ್ತಿತ್ತು. ಹಾಗಾಗಿ ಯಾರು ಯಾವ ವಾಂಗಡ್ ಅಂತ ಬರೆದಿಡುತ್ತಿದ್ದರು. ರಕ್ತಸಂಬಂಧ ಹುಡುಕುವವರಿಗೆ ಅಡ್ಡಹೆಸರಿಗಿಂತ ಅದು ಎಷ್ಟೋ ಗಟ್ಟಿ.

ನೇತ್ರಾವತಿ ದಂಡೆ:
ಪುಸ್ತಕಕ್ಕೆ ಮೊದಲು ವಾಡೊದ ಗುರ್ಕಾರರನ್ನು (ಮುಖಂಡರನ್ನು) ಕೇಳು ಮಗಾ. ಹಳೆ ಗುರ್ಕಾರರು ಬದುಕಿದ್ದರೆ ಇನ್ನೂ ಒಳ್ಳೆಯದು. ಅಜ್ಜಿಯನ್ನು ಕೂರಿಸಿಕೊಂಡು ಅವರ ಮಾವನ ಊರು, ಮಾವನ ತಂದೆಯ ಊರು, ಯಾವ ಮನೆಯಿಂದ ಹೆಣ್ಣು ತಂದರು, ಯಾವ ಮನೆಗೆ ಕೊಟ್ಟರು ಎಲ್ಲ ಫೋನಿನಲ್ಲಿ ರೆಕಾರ್ಡ್ ಮಾಡು. ಈ ವಾರವೇ ಮಾಡು, ಮುಂದಕ್ಕೆ ಹಾಕಬೇಡ. ಮನೆಯಲ್ಲಿ ಹಳೆ ಅಡವು ಪತ್ರ, ಗೇಣಿ ಚೀಟಿ ಇದ್ದರೆ ತೆಗೆದು ನೋಡು. ಪ್ರಭು ಅಂತ ಸಹಿ ಇದ್ದ ಕಾಗದ ಒಂದು ಸಿಕ್ಕರೂ ಅದರ ತಾರೀಕು, ಊರು ಎರಡೂ ಉಪಯೋಗಕ್ಕೆ ಬರುತ್ತವೆ. ಸಿಕ್ಕರೆ ಇಲ್ಲಿ ಹಾಕು, ಓದಲು ನಾವೆಲ್ಲ ಇದ್ದೇವೆ.